ಗಂಬೂಟು ಇದ್ದರೆ ಕರೆಂಟ್ ಹೊಡೆಯಲ್ಲ ಅನ್ನೋದು ತಪ್ಪು

ಕಾಳುಮೆಣಸು ಕೊಯ್ಲಿನ ಹೊತ್ತಲ್ಲಿ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ರಬ್ಬರ್ ಗಂಬೂಟು ಹಾಕಿದ್ದರೆ ಅಲ್ಯುಮಿನಿಯಂ ಏಣಿ ತಂತಿಗೆ ತಾಗಿದರೂ ಏನೂ ಆಗಲ್ಲ ಅಂತ. ನಿನ್ನೆ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ದಯವಿಟ್ಟು ನಂಬಬೇಡಿ.

ಮನೆಯ ಕರೆಂಟು 230 ವೋಲ್ಟ್. ತೋಟದ ಮೇಲೆ ಹಾದುಹೋಗುವ 11 ಕೆವಿ ಲೈನಿನಲ್ಲಿ 11,000 ವೋಲ್ಟ್ ಇರುತ್ತದೆ. ತೋಟದಲ್ಲಿ ಹಾಕುವ ಮಾಮೂಲಿ ಗಂಬೂಟು ಕೆಸರಿಗೆ, ಜಿಗಣೆಗೆ ಮಾಡಿದ್ದು. ಅಷ್ಟು ವೋಲ್ಟೇಜು ತಡೆಯುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ಕೊಟ್ಟಿದ್ದಲ್ಲ. ಒದ್ದೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅಪಾಯ ಇನ್ನೂ ಜಾಸ್ತಿ. ಏಣಿ ತಂತಿಯ ತೀರಾ ಹತ್ತಿರ ಹೋದರೂ ಸಾಕು, ತಾಗಲೇಬೇಕು ಅಂತಿಲ್ಲ. ಕೆಳಗೆ ಏಣಿ ಹಿಡಿದು ನಿಂತವರಿಗೂ ಹೊಡೆಯುತ್ತದೆ. ಒಂದು ಏಣಿಗೆ ಇಬ್ಬರು, ಮೂವರು ಬಲಿಯಾಗುವುದು ಹೀಗೇ ಅಲ್ವಾ?

ಏಣಿ ಎತ್ತುವ ಮೊದಲು ಮೇಲೆ ನೋಡಿ. ಸಾಗಿಸುವಾಗ ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ಲೈನಿನ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯಬೇಕಾದರೆ ಮೊದಲು ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ. ನಮ್ಮ ಕಡೆಯ ಕರೆಂಟ್ ಕಂಪನಿ ಮೆಸ್ಕಾಂ ಆಗಲಿ, ಹಾಸನದ ಕಡೆಯ ಸೆಸ್ಕ್ ಆಗಲಿ, ಫೋನ್ ನಂಬರು 1912. ಯಾರಿಗಾದರೂ ಹೊಡೆದರೆ ಕರೆಂಟ್ ಹೋಗಿದ್ದು ಖಚಿತವಾಗುವ ತನಕ ಮುಟ್ಟಬೇಡಿ.

ಆ ಮೆಸೇಜು ನಿಮ್ಮ ಮೊಬೈಲಿನಲ್ಲಿದ್ದರೆ ಅಳಿಸಿ, ಮುಂದೆ ಕಳಿಸಬೇಡಿ. ತೋಟದ ಆಳುಗಳಿಗೆ, ಮೇಸ್ತ್ರಿಗೆ ಬಾಯಲ್ಲೇ ಹೇಳಿ.