ನಾವು ಶಾಲು ಹೊದಿಸುತ್ತೇವೆ, ಅವರು ಜಗಳವಾಡುತ್ತಾರೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ಕೂದಲು ಕತ್ತರಿಸಿಕೊಳ್ಳುವ ಅಂಗಡಿಯಲ್ಲಿ ಕೇಳಬಾರದ ಪ್ರಶ್ನೆ ಒಂದಿದೆ: ಊರಿನ ಫುಟ್‌ಬಾಲ್ ತಂಡದ ತರಬೇತುದಾರ ಬಿಯೆಲ್ಸಾ ಅವರನ್ನು ಕೆಲಸದಿಂದ ತೆಗೆದದ್ದು ಸರಿಯೇ? ಕೇಳಿದರೆ ಕತ್ತರಿ ಗಾಳಿಯಲ್ಲೇ ನಿಲ್ಲುತ್ತದೆ. ಕತ್ತರಿಸುವವನು ಒಂದು ಮಾತು ಹೇಳುತ್ತಾನೆ, ಪಕ್ಕದ ಕುರ್ಚಿಯವನು ತಿರುಗೇಟು ಕೊಡುತ್ತಾನೆ, ಬಾಗಿಲ ಬಳಿ ಸರದಿಗೆ ಕಾದಿರುವ ಮುದುಕ ಪತ್ರಿಕೆ ಮಡಚಿಟ್ಟು ಇಬ್ಬರನ್ನೂ ಬೈಯುತ್ತಾನೆ. ನನ್ನ ತಲೆ ಅರ್ಧದಲ್ಲಿ ಉಳಿದಿರುತ್ತದೆ. ಮಾರ್ಸೆಲೊ ಬಿಯೆಲ್ಸಾ ಕೆಲಸ ಕಳೆದುಕೊಂಡದ್ದು 2022ರ ಫೆಬ್ರುವರಿ 27ರ ಭಾನುವಾರ. ಆಮೇಲೆ ಲೀಡ್ಸ್ ಯುನೈಟೆಡ್ ತಂಡ ಕೆಳದರ್ಜೆಗೆ ಬಿದ್ದಿತು, 2025ರಲ್ಲಿ ನೂರು ಅಂಕ ಗಳಿಸಿ ಮತ್ತೆ ಮೇಲೆ ಬಂದಿತು, ನಡುವೆ ತರಬೇತುದಾರರು ಒಬ್ಬರ ಹಿಂದೊಬ್ಬರು ಬಂದು ಹೋದರು. ಆ ಅಂಗಡಿಯ ಜಗಳ ಮಾತ್ರ ಇದ್ದಲ್ಲೇ ಇದೆ.

ನಾನು ತೀರ್ಥಹಳ್ಳಿಯ ಕಡೆಯವನು. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬರುವಾಗ ಈ ಊರಿನಲ್ಲಿ ನನಗೆ ಗೊತ್ತಿದ್ದದ್ದು ಹೆಡಿಂಗ್ಲಿ ಮೈದಾನವೊಂದೇ. 2002ರಲ್ಲಿ ಚೆಂಡು ಹಾವಿನಂತೆ ಹರಿದಾಡುವ ಪಿಚ್ಚಿನ ಮೇಲೆ ರಾಹುಲ್ ದ್ರಾವಿಡ್ ಬೇರು ಬಿಟ್ಟು ನಿಂತು 148 ರನ್ ಮಾಡಿದ ಜಾಗ. ಬಂದ ಮೊದಲ ವಾರವೇ ಹೋಗಿ ಹೊರಗಿನಿಂದ ಗೇಟು ನೋಡಿ ಬಂದಿದ್ದೆ. ಫುಟ್‌ಬಾಲ್ ನನಗೆ ಅಂಟಿದ್ದು ತಡವಾಗಿ, ಅದೂ ಗೋಡೆ ಕಟ್ಟುವುದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲದ ಒಬ್ಬ ಮನುಷ್ಯನಿಂದ.

ಬಿಯೆಲ್ಸಾ ಅರ್ಜೆಂಟೀನಾದ ರೊಸಾರಿಯೊದವರು. 2018ರ ಜೂನ್‌ನಲ್ಲಿ ಲೀಡ್ಸ್‌ಗೆ ಬಂದಾಗ ಅವರಿಗೆ 62 ವರ್ಷ. ಈ ತಂಡ 2004ರಿಂದ ಮೇಲಿನ ದರ್ಜೆಯ ಮುಖ ಕಂಡಿರಲಿಲ್ಲ. ತರಬೇತಿ ಮೈದಾನದ ಹತ್ತಿರದ ವೆದರ್‌ಬಿ ಎಂಬ ಸಣ್ಣ ಪೇಟೆಯಲ್ಲಿ ಪುಟ್ಟ ಮನೆಯೊಂದನ್ನು ಹಿಡಿದು, ಬೆನ್ನಿಗೆ ಚೀಲ ಹಾಕಿಕೊಂಡು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಪಂದ್ಯದ ಹೊತ್ತಿನಲ್ಲಿ ಕೂರಲು ಮಗುಚಿ ಹಾಕಿದ ಒಂದು ಬಕೆಟ್. ಬಂದ ಹೊಸದರಲ್ಲಿ ಆಟಗಾರರಿಂದ ಮೂರು ಗಂಟೆ ಕಸ ಹೆಕ್ಕಿಸಿದರಂತೆ. ಒಂದು ಟಿಕೆಟಿನ ದುಡ್ಡಿಗಾಗಿ ಈ ಊರಿನ ಸಾಮಾನ್ಯ ಅಭಿಮಾನಿ ಸುಮಾರು ಅಷ್ಟು ಹೊತ್ತು ದುಡಿಯಬೇಕು ಎಂಬುದು ಅವರ ಮೈಗೆ ತಿಳಿಯಲಿ ಎಂದು. ಮರುವರ್ಷ ಎದುರಾಳಿಗಳ ಅಭ್ಯಾಸವನ್ನು ಬೇಲಿಯಾಚೆಯಿಂದ ಇಣುಕಿ ನೋಡಲು ಆಳು ಕಳಿಸಿ ಸಿಕ್ಕಿಬಿದ್ದಾಗ, ಹೌದು, ನಾನೇ ಕಳಿಸಿದ್ದು ಎಂದು ಪತ್ರಕರ್ತರನ್ನು ಕೂರಿಸಿಕೊಂಡು ಒಪ್ಪಿಕೊಂಡರು. ತಂಡಕ್ಕೆ ಬಿದ್ದ ಎರಡು ಲಕ್ಷ ಪೌಂಡ್ ದಂಡವನ್ನು ಸ್ವಂತ ಜೇಬಿನಿಂದ ಕಟ್ಟಿದರು. ಸಂತನೋ ಕಿಲಾಡಿಯೋ ಎಂದು ತೀರ್ಮಾನಿಸಲಾಗದ ಇಂಥವರು ನಮ್ಮ ಮಲೆನಾಡಿನ ಊರೂರಿಗೂ ಒಬ್ಬೊಬ್ಬರು ಇರುತ್ತಾರೆ.

ನಮ್ಮೂರಿನಲ್ಲಿ ಇದ್ದವರು ಡ್ರಿಲ್ ಮೇಷ್ಟ್ರು. ಕಬಡ್ಡಿ ಕಲಿಸುತ್ತಿದ್ದರು. ದಾಳಿಗೆ ಹೋದವನು ಬರಿಗೈಯಲ್ಲಿ ಬರಕೂಡದು ಎಂಬುದೊಂದೇ ಅವರ ಶಾಸ್ತ್ರ. ಕಬಡ್ಡಿ ಬಲ್ಲವರಿಗೆ ಇದು ಎಂಥ ಹುಚ್ಚು ಎಂದು ಗೊತ್ತು. ಮುನ್ನಡೆಯಲ್ಲಿರುವ ತಂಡ ನಡುಗೆರೆ ದಾಟಿ, ಉಸಿರು ಹಿಡಿದು, ಅತ್ತಿತ್ತ ಓಲಾಡಿ, ಯಾರನ್ನೂ ಮುಟ್ಟದೆ ಹಿಂದೆ ಬರುವುದು ಆಟದ ಜಾಣತನವೇ. ಗಡಿಯಾರವೂ ಒಬ್ಬ ಆಟಗಾರ. ಮೇಷ್ಟ್ರು ಹಾಗೆ ಮಾಡಿದವನನ್ನು ಮರುದಿನ ತಂಡದಿಂದ ಹೊರಗೆ ಕೂರಿಸುತ್ತಿದ್ದರು. ಸಂಜೆ ಅಭ್ಯಾಸ ಮುಗಿದ ಮೇಲೆ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕಥೆ. 1980ರ ಮುಂಬೈ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗ, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ನಾಯಕ ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ 43 ರನ್ ಮಾಡಿದರು, ಇಯಾನ್ ಬಾಥಮ್ ಜೊತೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಸೋತದ್ದನ್ನು ಹೇಳುವಾಗ ಮೇಷ್ಟ್ರ ದನಿ ಇನ್ನೂ ಏರುತ್ತಿತ್ತು. ನಮಗೆ, ಅಂದರೆ ಹದಿನಾರು ವರ್ಷದವರಿಗೆ, ಆ ಕಥೆಯಲ್ಲಿ ಹಿಗ್ಗುವಂಥದ್ದು ಏನಿದೆ ಎಂದೇ ತಿಳಿಯುತ್ತಿರಲಿಲ್ಲ.

ತಿಳಿದದ್ದು 2019ರ ಏಪ್ರಿಲ್‌ನಲ್ಲಿ, ಎಲೆಂಡ್ ರೋಡ್ ಕ್ರೀಡಾಂಗಣದ ಒಂದು ಮಧ್ಯಾಹ್ನ. ಆಸ್ಟನ್ ವಿಲ್ಲಾ ತಂಡದ ಆಟಗಾರನೊಬ್ಬ ಗಾಯಗೊಂಡು ನೆಲದಲ್ಲಿದ್ದಾಗ ಲೀಡ್ಸ್ ಗೋಲು ಹೊಡೆಯಿತು. ತಳ್ಳಾಟ, ಬೈದಾಟ. ಬಿಯೆಲ್ಸಾ ಗೆರೆಯ ಬಳಿ ನಿಂತು ಕೂಗಿದರು: ಅವರಿಗೊಂದು ಗೋಲು ಬಿಟ್ಟುಕೊಡಿ. ಸ್ವಂತ ತಂಡದ ರಕ್ಷಕನೊಬ್ಬನಿಗೆ ಇದು ಸಹಿಸಲಾಗದೆ ಅಡ್ಡ ಹೋದ. ಉಳಿದವರು ಕಂಬದಂತೆ ನಿಂತು ದಾರಿ ಬಿಟ್ಟರು. ಪಂದ್ಯ 1-1. ಆ ವರ್ಷ ನೇರವಾಗಿ ಮೇಲಿನ ದರ್ಜೆಗೆ ಏರುವ ಬಾಗಿಲು ಅಲ್ಲಿಗೆ ಮುಚ್ಚಿತು. ನನ್ನ ಹಿಂದಿನ ಸಾಲಿನಲ್ಲಿದ್ದವನೊಬ್ಬ ಬಾಯಿಗೆ ಬಂದಂತೆ ಬೈಯುತ್ತಿದ್ದ. ನನ್ನ ಕಣ್ಣು ಒದ್ದೆಯಾಗಿದ್ದಕ್ಕೆ ಕಾರಣ ಫುಟ್‌ಬಾಲ್ ಅಲ್ಲವೆಂದು ಅವನಿಗೆ ಹೇಗೆ ಹೇಳುವುದು?

ಮುಂದಿನ ವರ್ಷ, 2020ರ ಜುಲೈನಲ್ಲಿ, ಹದಿನಾರು ವರ್ಷದ ಬಳಿಕ ಲೀಡ್ಸ್ ಮೇಲೇರಿತು. ಊರಿನ ನಡುವಿನ ಒಂದು ಓಣಿಗೆ ಬಿಯೆಲ್ಸಾ ಹೆಸರಿಟ್ಟರು. ವೋರ್ಟ್ಲಿ ಬಡಾವಣೆಯ ಗೋಡೆಯ ಮೇಲೆ ಅವರನ್ನು ರಿಯೊ ನಗರದ ಕ್ರಿಸ್ತನ ಭಂಗಿಯಲ್ಲಿ, ಕೈ ಚಾಚಿ ನಿಂತಂತೆ ಬರೆದರು. ಮೇಲಿನ ದರ್ಜೆಯ ಮೊದಲ ವರ್ಷ ಒಂಬತ್ತನೆಯ ಸ್ಥಾನ, 59 ಅಂಕ, 62 ಗೋಲು. ಆದರೆ ಒಂದು ಮಾತನ್ನು ಆ ಅಂಗಡಿಯ ಜಗಳದಲ್ಲಿ ಯಾರೂ ಎತ್ತುವುದಿಲ್ಲ: ಆ ವರ್ಷವನ್ನು ಈ ಊರು ಕಣ್ಣಾರೆ ನೋಡಲೇ ಇಲ್ಲ. ಕೊರೊನಾ ಕಾಲ, ಕ್ರೀಡಾಂಗಣ ಬಹುಪಾಲು ಖಾಲಿ. ಹದಿನಾರು ವರ್ಷ ಕಾದವರು ಒಳ್ಳೆಯ ಫಸಲನ್ನು ಟಿವಿಯಲ್ಲಿ ನೋಡಿದರು. ಬಾಗಿಲು ತೆರೆದು ಒಳಗೆ ಬಂದು ಕೂರುವ ಹೊತ್ತಿಗೆ ಇಳಿತ ಆರಂಭವಾಗಿತ್ತು. ಇವರ ಜಗಳ ಇಷ್ಟು ದೀರ್ಘವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಗುಮಾನಿ. ತಿನ್ನದೆ ಉಳಿದ ಊಟದ ಹಸಿವು ಅದು.

ಇಳಿತದ ಲೆಕ್ಕ ಕ್ರೂರವಾಗಿದೆ. 2021ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 7-0. 2022ರ ಫೆಬ್ರುವರಿಯ ಐದು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲು ಇಪ್ಪತ್ತು. ಲಿವರ್‌ಪೂಲ್ ಒಂದೇ ಆರು ಹೊಡೆಯಿತು. ಕೆಳಗೆ ಬೀಳುವ ಗೆರೆಗೂ ತಂಡಕ್ಕೂ ನಡುವೆ ಎರಡು ಅಂಕ ಉಳಿದಾಗ ಆಡಳಿತ ಮಂಡಳಿ ಅವರನ್ನು ಕಳಿಸಿತು. ಬದಲಿಗೆ ಬಂದ ಜೆಸ್ಸಿ ಮಾರ್ಷ್ ಕೊನೆಯ ದಿನದ ಕೊನೆಯ ಪಂದ್ಯದಲ್ಲಿ ಹೇಗೋ ತಂಡವನ್ನು ಉಳಿಸಿಕೊಂಡರು. ತೆಗೆದದ್ದು ಸರಿ ಎನ್ನುವವರ ತುರುಪು ಅದೇ. ಮರುವರ್ಷವೇ ಬಿದ್ದಿತಲ್ಲ ಎಂಬುದು ಇನ್ನೊಂದು ಕಡೆಯವರ ತುರುಪು.

'ಆಕ್ರಮಣದ ಹುಚ್ಚಿನಿಂದ ಕೆಟ್ಟ' ಎಂಬ ಸುಲಭದ ತೀರ್ಪನ್ನು ನಾನು ಒಪ್ಪುವುದಿಲ್ಲ. ಬಿಯೆಲ್ಸಾ ಆಟದಲ್ಲಿ ಮೈದಾನದ ಉದ್ದಗಲಕ್ಕೂ ಒಬ್ಬನಿಗೆ ಒಬ್ಬ ಗಂಟುಬೀಳಬೇಕು; ಹಿಂದೆ ಕಾವಲಿಗೆ ಹೆಚ್ಚುವರಿ ಆಳು ಒಬ್ಬನೇ. ಹತ್ತು ಜನರೂ ಓಡಿದರೆ ಎದುರಾಳಿಗೆ ಉಸಿರಾಡಲು ಬಿಡದ ಬಲೆ, ಒಬ್ಬ ಸೋತರೆ ನೇರ ಹೆದ್ದಾರಿ. ನಮ್ಮ ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವ ಕೊನೆಗಾರನನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಮರ ಹತ್ತಿದ ಕೊನೆಗಾರ ಕೆಳಗಿಳಿಯದೆ, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ, ಅಲ್ಲಿಂದ ಇನ್ನೊಂದಕ್ಕೆ. ಅವನ ವೇಗವೂ ಅಪಾಯವೂ ಒಂದೇ ಕಡೆಯಿಂದ ಬಂದವು. ಇಳಿದು ಹತ್ತು ಎಂದು ಅವನಿಗೆ ಹೇಳುವುದೆಂದರೆ ಬೇರೆ ಆಳನ್ನು ಹುಡುಕಿಕೊಂಡಂತೆ.

ಹಾಗಾದರೆ ತಪ್ಪೇ ಇರಲಿಲ್ಲವೇ? ಇತ್ತು, ದೊಡ್ಡದೇ ಇತ್ತು. ಇಡೀ ಊರಿನ ತೋಟಕ್ಕೆ ಒಬ್ಬನೇ ಕೊನೆಗಾರನನ್ನು ನೆಚ್ಚಿಕೊಂಡವನಿಗೆ ಆಷಾಢದಲ್ಲಿ ಏನಾಗುತ್ತದೆ ಎಂದು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಮಳೆ ಹೊಳವಾದ ಎರಡು ದಿನದಲ್ಲಿ ಔಷಧಿ ಹೊಡೆಯಬೇಕು, ಕೊನೆಗಾರನಿಗೆ ಜ್ವರ, ವಾರ ಕಳೆಯುವಷ್ಟರಲ್ಲಿ ಮರದ ಬುಡದ ತುಂಬ ಕೊಳೆ ರೋಗದ ಕಾಯಿ. ಬಿಯೆಲ್ಸಾಗೆ ಸಣ್ಣ ತಂಡವೇ ಬೇಕಿತ್ತು. ಕೊರತೆ ಬಿದ್ದರೆ ಕಿರಿಯರಿಂದ ತುಂಬಿಸಿಕೊಳ್ಳುವುದು ಅವರ ಹಟ. ಆ ಚಳಿಗಾಲದಲ್ಲಿ ನಡುವಿನ ಕ್ಯಾಲ್ವಿನ್ ಫಿಲಿಪ್ಸ್, ಮುಂದಿನ ಪ್ಯಾಟ್ರಿಕ್ ಬ್ಯಾಮ್‌ಫರ್ಡ್, ಹಿಂದಿನ ಲಿಯಾಮ್ ಕೂಪರ್ ಮೂವರೂ ಗಾಯಾಳುಗಳಾದರು. ಬಾಗುವ ಮರಗಳೇ ಇಲ್ಲದ ಕಡೆ ದಾಟುವುದೆಲ್ಲಿಗೆ? ತೋಟ ಕೆಟ್ಟದ್ದು ದಾಟಿದ್ದರಿಂದಲ್ಲ, ಎರಡನೆಯ ಆಳನ್ನು ಇಟ್ಟುಕೊಳ್ಳದ್ದರಿಂದ. ಅಂಗಡಿಯಲ್ಲಿ ಈ ವಾದವನ್ನು ನನ್ನ ಹರಕು ಮುರುಕು ವಿವರಣೆಯೊಂದಿಗೆ ಒಮ್ಮೆ ಮಂಡಿಸಿದೆ. ಅಡಿಕೆ ಮರ ಎಷ್ಟು ಎತ್ತರ ಇರುತ್ತದೆ ಎಂಬಲ್ಲಿಗೆ ಚರ್ಚೆ ಹಾದಿ ತಪ್ಪಿತು.

ಇನ್ನು ನಮ್ಮ ಮೇಷ್ಟ್ರ ವಿಷಯ. ಮೂರು ವರ್ಷ ಅವರ ತಂಡವನ್ನು ಸುತ್ತಲಿನ ಯಾವ ಊರೂ ತಡೆಯಲಿಲ್ಲ. ನಾಲ್ಕನೆಯ ವರ್ಷ, ಹೊನಲು ಬೆಳಕಿನ ಪಂದ್ಯಾವಳಿಯ ಅಂತಿಮ ಪಂದ್ಯ, ನಮ್ಮೂರಿನ ಅಂಗಳದಲ್ಲೇ. ಒಂದು ಅಂಕದ ಮುನ್ನಡೆ, ಕೊನೆಯ ದಾಳಿ ನಮ್ಮದು. ಸುಮ್ಮನೆ ಹೋಗಿ ಬಂದಿದ್ದರೆ ಸಾಕಿತ್ತು. ನಮ್ಮ ಹುಡುಗ ಮೇಷ್ಟ್ರ ಶಿಷ್ಯ, ಒಳಗೆ ನುಗ್ಗಿದ. ಎಡಮೂಲೆಯವನು ಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ಅಂಕ ಸಮವಾಯಿತು, ಹೆಚ್ಚುವರಿ ಸಮಯದಲ್ಲಿ ಸೋತೆವು. ಮರುವರ್ಷವೂ ಸೋತೆವು, ಅದರ ಮರುವರ್ಷ ಮೊದಲ ಸುತ್ತಿನಲ್ಲೇ.

ಆಮೇಲೆ ಊರು ಮಾಡಿದ್ದೇನು? ಗಣಪತಿ ಪೆಂಡಾಲಿನಲ್ಲಿ ಮೇಷ್ಟ್ರನ್ನು ಕೂರಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಮೂವರು ಭಾಷಣ ಮಾಡಿದರು. ಒಬ್ಬರೂ ಆ ಕೊನೆಯ ದಾಳಿಯ ಬಗ್ಗೆ ಉಸಿರೆತ್ತಲಿಲ್ಲ. ಮುಂದಿನ ವಾರದಿಂದ ಬೇರೆಯವರು ಅಭ್ಯಾಸ ಮಾಡಿಸಿದರು. ನನ್ನ ದೂರು ಇಲ್ಲಿದೆ. ನಮ್ಮಲ್ಲಿ ಸನ್ಮಾನ ಎಂದರೆ ಎಷ್ಟೋ ಸಲ ಬಾಯಿಗೆ ಹಾಕುವ ಬೀಗ. ಮನುಷ್ಯ ಸರಿಯಿದ್ದನೇ, ತಪ್ಪಿದ್ದನೇ, ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂಬುದನ್ನು ಮಾತಾಡಿ ಬಗೆಹರಿಸಿಕೊಳ್ಳುವ ಬದಲು ಜರಿ ಅಂಚಿನ ಶಾಲಿನಡಿ ಮುಚ್ಚಿಡುತ್ತೇವೆ. ಬೆನ್ನ ಹಿಂದೆ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಬೇರೆಯದೇ ಮಾತು ನಡೆಯುತ್ತಿತ್ತು ಎಂಬುದೂ ಗೊತ್ತು. ಲೀಡ್ಸ್‌ನವರು ಒಂದು ಪ್ರಕಟಣೆ ಹೊರಡಿಸಿ ಭಾನುವಾರ ಬೆಳಗ್ಗೆ ಮನುಷ್ಯನನ್ನು ಹೊರಗೆ ಹಾಕಿದರು, ಅದು ಒರಟುತನವೇ. ಆದರೆ ಅವರನ್ನು ಇನ್ನೂ ಎದುರಿಗೆ ಕೂರಿಸಿಕೊಂಡವರಂತೆ ಜಗಳವಾಡುತ್ತಾರೆ. ತೆಗೆದದ್ದು ಸರಿ ಎಂದು ಮೇಜು ಗುದ್ದುವವನ ಮನೆಯಲ್ಲೂ ಆ ಬಕೆಟ್ಟಿನ ಮೇಲೆ ಕೂತ ಮುದುಕನ ಚಿತ್ರವಿರುತ್ತದೆ.

ಚಿಕ್ಕಪ್ಪನಿಗೆ ಆ ಭಾನುವಾರವೇ ಫೋನಿನಲ್ಲಿ ಬಿಯೆಲ್ಸಾ ಕಥೆ ಹೇಳಿದ್ದೆ. ಅವರು ಫುಟ್‌ಬಾಲ್ ಪಂದ್ಯವನ್ನು ಪೂರ್ತಿ ನೋಡಿದವರಲ್ಲ. ಸಮಾಜವಾದಿಗಳ ಹಿಂದೆ ತಿರುಗಿದವರು. ಕೇಳಿಸಿಕೊಂಡು, "ಕಾಗೋಡಿನ ಗೇಣಿದಾರರು 1951ರಲ್ಲಿ ಜೈಲಿಗೆ ಹೋದರು, ಗದ್ದೆ ಸಿಗಲಿಲ್ಲ. ಉಳುವವನೇ ಒಡೆಯ ಎಂಬ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಲೆಕ್ಕದ ಪುಸ್ತಕವನ್ನು ಯಾವ ವರ್ಷಕ್ಕೆ ಮುಚ್ಚಬೇಕು ಎಂದು ಮೊದಲು ಕೇಳಿಕೋ ಮಾರಾಯ" ಎಂದರು. ಅದೂ ಇದೂ ಒಂದೇ ತಕ್ಕಡಿಗೆ ಹಾಕುವಂಥದ್ದಲ್ಲ ಎಂದೆ. "ತಕ್ಕಡಿ ತಂದವನು ನೀನು" ಎಂದು ಫೋನ್ ಇಟ್ಟರು.

ಹೋದ ಸಲ ಊರಿಗೆ ಹೋದಾಗ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಮೇಷ್ಟ್ರು ನನ್ನ ಎದುರಿನ ಸಾಲಿನಲ್ಲಿದ್ದರು, ಕಿವಿ ತುಸು ಮಂದ, ಹೋಳಿಗೆಗೆ ಹಾಲು ಹಾಕಿಸಿಕೊಳ್ಳುತ್ತಿದ್ದರು. ಅಕ್ಕಪಕ್ಕದ ಎಲೆಗಳಲ್ಲಿ ನಮ್ಮ ಹಳೆಯ ತಂಡದ ನಾಲ್ಕು ಜನ. ಹನ್ನೊಂದು ವರ್ಷದ ಲೀಡ್ಸ್ ವಾಸ ನನ್ನ ಬಾಯಿಂದ ಕೇಳಿಸಿತು: "ಮೇಷ್ಟ್ರೇ, ಆ ದಿನ ಸುಮ್ಮನೆ ಹೋಗಿ ಬಾ ಎಂದು ನೀವು ಹೇಳಬೇಕಿತ್ತಲ್ಲವೇ?" ಭಾವ ಮೊಣಕೈಯಿಂದ ತಿವಿದರು. ಬಡಿಸುವವನು ಸೌಟು ಹಿಡಿದು ನಿಂತ.

ಮೇಷ್ಟ್ರು ತುತ್ತು ನುಂಗಿದರು. "ಆ ಎಡಮೂಲೆಯ ಹುಡುಗ ಎಷ್ಟು ಚೆನ್ನಾಗಿ ಹಿಡಿದ!" ಎಂದರು. "ಯಾವ ಊರಿನವನು ಅವನು?"

ಯಾರಿಗೂ ನೆನಪಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂರನೆಯ ಎಲೆಯಿಂದ, ಅಂದು ದಾಳಿಗೆ ಹೋಗಿದ್ದವನೇ, ತಲೆ ಎತ್ತದೆ ಹೇಳಿದ: "ಹಿಡಿಯುವಾಗ ಅವನ ಕಾಲು ಗೆರೆಯ ಹೊರಗಿತ್ತು, ಮೇಷ್ಟ್ರೇ."

"ಇರಲಿಲ್ಲ" ಎಂದ ಪಕ್ಕದವನು.

"ಇತ್ತು. ನಿನಗೆ ಅಲ್ಲಿಂದ ಹೇಗೆ ಕಾಣಿಸಿತು?"

"ನಾನು ಅಲ್ಲೇ ನಿಂತಿದ್ದೆನಲ್ಲ!"

ಮೇಷ್ಟ್ರು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದರು. ಮಜ್ಜಿಗೆ ಬಡಿಸಿದ್ದು ಯಾರಿಗೂ ಗೊತ್ತಾಗಲಿಲ್ಲ.