ಗಾಂಧೀಜಿ ಚಹಾದಾಗ ಬಿದ್ದರು

ಮೊನ್ನೆ ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ ನನ್ನ 1,800 ರೂಪಾಯಿ ಕಾಕಾನ ಚಹಾದ ಬಶಿಯೊಳಗೆ ಬಿತ್ತು. ನೋಟಲ್ಲ, ಅಂಚೆ ಸ್ಟಾಂಪು. ನೋಟಾಗಿದ್ದರೆ ಒಣಗಿಸಿ ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ ದಾಟಿಸಬಹುದಿತ್ತು.

ಮೊದಲಿಂದ ಹೇಳ್ತೀನಿ, ಇಲ್ಲದಿದ್ದರೆ ಹೊಟ್ಟೆಯುರಿ ಇಳಿಯೋದಿಲ್ಲ.

ಸ್ಟಾಂಪು ಕೂಡಿಸುವ ಚಟ ಇರುವವರು ಅದನ್ನು ಬಳಗದವರಿಂದ ಮುಚ್ಚಿಡಬೇಕು. ಗೊತ್ತಾಯ್ತೋ, ಮುಗೀತು. ಅಟ್ಟ ಹಸನು ಮಾಡಿದವರೆಲ್ಲ ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮನೆಗೇ ಬರುತ್ತಾರೆ. "ಬ್ರಿಟಿಷರ ಕಾಲದ್ದು ನೋಡ್ರಿ, ಯೂಟ್ಯೂಬಿನ್ಯಾಗ ಲಕ್ಷ ಅಂತ ಹೇಳ್ಯಾರ." ಬಿಚ್ಚಿ ನೋಡಿದರೆ ಆಸ್ತಿ ಕಾಗದದಿಂದ ಕತ್ತರಿಸಿದ ಕೋರ್ಟ್ ಫೀ ಸ್ಟಾಂಪು. ಕೋರ್ಟ್ ಫೀ ಅಂತ ಅದರ ಮೇಲೇ ಅಚ್ಚಾಗಿರುತ್ತೆ! ಇದು ಅಂಚೆಯದ್ದಲ್ಲ ಅಂದರೆ ಮುಖ ಸಣ್ಣಗಾಗುತ್ತೆ. ಕಡಿಮೆಗೆ ಹೊಡೆದುಕೊಳ್ಳೋಕೆ ನೋಡ್ತಿದಾನೆ ಅಂತ ನನ್ನ ಮೇಲೇ ಅನುಮಾನ. ನಮ್ಮ ಗಲ್ಲಿಯ ಒಬ್ಬರಂತೂ 1924ರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಬೆಳಗಾವಿಗೆ ಬಂದಾಗ ಹೊರಡಿಸಿದ ಗಾಂಧಿ ಸ್ಟಾಂಪು ತಮ್ಮ ಹತ್ತಿರ ಇದೆ ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. 1924ರಲ್ಲಿ ಸ್ಟಾಂಪಿನ ಮೇಲೆ ಕೂತಿದ್ದವನು ಐದನೇ ಜಾರ್ಜ್ ಅಲ್ವಾ? ಅವನು ಗಾಂಧೀಜಿಗೆ ಜಾಗ ಬಿಡ್ತಿದ್ನಾ?

ಇನ್ನು ಕೆಲವರ ಸ್ಟಾಂಪಿನ ದೇಶವೇ ನಕಾಶೆಯಲ್ಲಿ ಸಿಗೋದಿಲ್ಲ. "ಮಗ್ಯಾರ್ ಅಂತ ಒಂದು ದೇಶ ಐತೇನ್ರಿ?" ಹಂಗೇರಿ ಮಾರಾಯ್ರೆ. ಹೆಲ್ವೆಶಿಯಾ ಅಂದರೆ ಸ್ವಿಟ್ಜರ್ಲೆಂಡು, ಸುವೊಮಿ ಅಂದರೆ ಫಿನ್‌ಲೆಂಡು. ಇಂಗ್ಲೆಂಡಿನವರು ಹೆಸರೇ ಬರೆಯೋದಿಲ್ಲ. 1840ರಲ್ಲಿ ಎಲ್ಲರಿಗಿಂತ ಮೊದಲು ಸ್ಟಾಂಪು ತಂದವರು ನಾವೇ ಅನ್ನೋ ಠೀವಿ, ರಾಜನದೋ ರಾಣಿಯದೋ ತಲೆ ಒಂದಿದ್ದರೆ ಸಾಕು.

ಇಷ್ಟು ಜಾಣತನ ಮಾತಾಡುವ ನಾನು ಬಿದ್ದದ್ದು ಎಲ್ಲಿ ಅಂದರೆ, 10 ರೂಪಾಯಿಯ ಗಾಂಧಿ ಸ್ಟಾಂಪಿಗೆ.

1948ರ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಸ್ಟಾಂಪು ಬಂದವು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, 10 ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಸ್ವದೇಶಿ ಸ್ವದೇಶಿ ಅಂತ ಜೀವ ಸವೆಸಿದವರ ಮುಖವನ್ನು ಪರದೇಶದಲ್ಲಿ ಅಚ್ಚು ಹಾಕಿಸಿದರು, ಇರಲಿ. ಆಗಿನ ಕಾಲಕ್ಕೆ 10 ರೂಪಾಯಿಯ ಸ್ಟಾಂಪು ಯಾರು ಕೊಳ್ತಾರೆ? ಅದಕ್ಕೇ ಇವತ್ತು ಒಳ್ಳೇದು ಸಿಕ್ಕರೆ ಸಾವಿರಾರು ರೂಪಾಯಿ. ಅದಕ್ಕೇ ಖೊಟ್ಟಿಗಳೂ ಜಾಸ್ತಿ. ಇದು ಈ ಚಟದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಫೋನಿನ ಗುಂಪೊಂದರಲ್ಲಿ ಒಬ್ಬ ಆಸಾಮಿ ಫೋಟೋ ಹಾಕಿದ. ಹೆಸರು ಬೇಡ, ಊರೂ ಬೇಡ. ಕಂದುಗೆಂಪು ಬಣ್ಣದ ಗಾಂಧೀಜಿ, ಮೂಲೆಯಲ್ಲಿ ದುಂಡನೆಯ ಅಂಚೆ ಮುದ್ರೆ, ಮುದ್ರೆಯಲ್ಲಿ ನಮ್ಮೂರಿನ ಹೆಸರು! ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಮ್ಮೂರಲ್ಲೇ ಆದದ್ದು. ಅದಕ್ಕಂತಲೇ ತೋಡಿಸಿದ ಕಾಂಗ್ರೆಸ್ ಬಾವಿಯ ಮುಂದೆ ದಿನಾ ಗಾಡಿ ಓಡಿಸ್ತೀನಿ. ಅಂಥ ಊರಿನ ಮುದ್ರೆ ಬಿದ್ದ ಗಾಂಧಿ ಸ್ಟಾಂಪು 1,800ಕ್ಕೆ. ಯೋಚನೆ ಮಾಡಲೇ ಇಲ್ಲ, ದುಡ್ಡು ಹಾಕಿಬಿಟ್ಟೆ. ಕೊರಿಯರಿನ 60 ರೂಪಾಯಿ ಬೇರೆ.

ಬಂತು. ಶನಿವಾರ ರಾತ್ರಿ ಬಂತು. ಮಸೂರ ಹಿಡಿದು ನೋಡಬೇಕಿತ್ತು, ಹಲ್ಲು ಎಣಿಸಬೇಕಿತ್ತು. ಸ್ಟಾಂಪಿನ ಅಂಚಿಗೆ ಹಲ್ಲು ಅಂತೀವಿ, ಎರಡು ಸೆಂಟಿಮೀಟರಿಗೆ ಎಷ್ಟು ತೂತು ಅಂತ ಲೆಕ್ಕ. ಈ ಗಾಂಧಿಗೆ ಹನ್ನೊಂದೂವರೆ ಬರಬೇಕು. ಅಳೆಯೋ ಪಟ್ಟಿ ಡ್ರಾವರಿನಲ್ಲೇ ಇತ್ತು. ತೆಗೀಲಿಲ್ಲ. ಯಾಕೆ ಅಂತ ಕೇಳಬೇಡಿ. ಖುಷಿಯಾಗಿದ್ದೆ, ಅಷ್ಟೇ.

ಬೆಳಿಗ್ಗೆ ಕಾಕಾ ಬಂದ.

ನಮ್ಮ ಕಾಕಾ ಖಡೇಬಜಾರಿನಲ್ಲಿ ನಲವತ್ತು ವರ್ಷ ಅರಿವೆ ಅಂಗಡಿ ನಡೆಸಿದವನು. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಶಹಾಪುರದ್ದೋ ಇಳಕಲ್ಲಿನದೋ ಮಿಲ್ಲಿನದೋ ಅಂತ ಹೇಳುತ್ತಿದ್ದ. ಅಂಗಡಿ ಬಿಟ್ಟ. ಮೂಗು ಬಿಡಲಿಲ್ಲ. ಈಗ ಸಿಕ್ಕಿದ್ದನ್ನೆಲ್ಲ ಮೂಸಿ ತೀರ್ಪು ಕೊಡ್ತಾನೆ. ಹಲಸಿನಹಣ್ಣು, ಗುಳಿಗೆ, ನೋಟು ಎಲ್ಲ. ಒಂದು ಸಲ ನನ್ನ ಮಗನ ಮಾರ್ಕ್ಸ್ ಕಾರ್ಡ್ ಮೂಸಿ, "ಇನ್ನs ಓದಬೇಕಿತ್ತು" ಅಂದ. ಸ್ಟಾಂಪಿನ ವಿಷಯದಲ್ಲಂತೂ ಮಸೂರ, ಪಟ್ಟಿ ಎಲ್ಲ ಅವನಿಗೆ ಹುಡುಗಾಟ. "ಹಳೀ ತಿಕೀಟಿಗೆ ಒಂದ್ ವಾಸನಿ ಇರತೈತಿ ತಮ್ಮಾ. ಅದನ್ನ ಖೊಟ್ಟಿ ಮಾಡಾಕ ಯಾರಿಗೂ ಆಗಂಗಿಲ್ಲ." ಬ್ರಿಟಿಷರ ಕಾಲದ ಕೆಲವು ಸ್ಟಾಂಪಿನ ಕಾಗದದೊಳಗೆ ಆನೆ ತಲೆಯ ನೀರಗುರುತು ಇರುತ್ತೆ ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದ್ದೆ. ಅವತ್ತಿನಿಂದ ಪೋಸ್ಟಾಫೀಸಿನಿಂದ ನಿನ್ನೆ ತಂದ ಸ್ಟಾಂಪಿನಲ್ಲೂ ಅವನಿಗೆ ಆನೆ ಕಾಣುತ್ತೆ. "ಅಲ್ಲೇ ಐತಿ ನೋಡು, ಸೊಂಡಿ!"

ಈ ಮೂಗಿಗೆ ಇನ್ನೊಂದು ಕೆಲಸ ಇದೆ. ತಪಕೀರು, ಅಂದರೆ ನಶ್ಯ. ನಿಪ್ಪಾಣಿ ಕಡೆಯಿಂದ ಯಾರೋ ತಂದುಕೊಡ್ತಾರೆ, ಜೇಬಿನಲ್ಲಿ ಸಣ್ಣ ಡಬ್ಬಿ ಸದಾ. ವಾಸನೆ ನೋಡೋ ಮೊದಲು ಒಂದು ಚಿಟಿಕೆ ಏರಿಸಿ ಮೂಗು "ಹದ" ಮಾಡಿಕೊಳ್ತಾನೆ. ತಪಕೀರು ಏರಿಸಿದ ಮೂಗಿಗೆ ತಪಕೀರಲ್ಲದೆ ಬೇರೆ ಏನು ವಾಸನೆ ಬರುತ್ತೆ ಅಂತ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಬಂದು ಕೂತ. ಚಹಾವನ್ನು ಬಶಿಗೆ ಸುರುವಿಕೊಂಡ. ನಾನು ಚಿಮಟದಲ್ಲಿ ಸ್ಟಾಂಪು ಎತ್ತಿ ತೋರಿಸಿದರೆ, ಚಿಮಟ ಸರಿಸಿ, ಬೆರಳಿಂದಲೇ ಹಿಡಿದ. ಚಿಟಿಕೆ ಏರಿಸಿದ. ಕಣ್ಣು ಮುಚ್ಚಿದ. ಮೂಗಿನ ಹತ್ತಿರ ಒಯ್ದ. "ಆಹಾ," ಅಂದ. "ನಲವತ್ತೆಂಟರದು. ನಾ ಹುಟ್ಟಿದ ಮರುವರ್ಷದ್ದು. ಒಂದೂ ಮಾತಿಲ್ಲ, ಅಸಲೀ ಐ... ಐ..." ಐತಿ ಅನ್ನೋದು ಪೂರ್ತಿ ಆಗಲಿಲ್ಲ. ಸೀನು ಬಂತು. ಅದು ಬರೀ ಸೀನಲ್ಲ, ಗಲ್ಲಿಯ ನಾಯಿ ಎದ್ದು ಕೂತಿತು. ಸ್ಟಾಂಪು ಹಾರಿ, ಒಂದು ಸುತ್ತು ತಿರುಗಿ, ಮುಖ ಮೇಲೆ ಮಾಡಿ ಬಶಿಯಲ್ಲಿ ತೇಲಿತು.

"ತಡೀ, ಏನೂ ಆಗಂಗಿಲ್ಲ, ನೀರಾಗ ನೆನಿಹಾಕೂದ ಪದ್ಧತೀನs ಐತಲ್ಲ" ಅಂತ ಅವನೇ ನನಗೆ ಸಮಾಧಾನ ಹೇಳಿದ. ನಿಜ, ಲಕೋಟೆಯಿಂದ ಸ್ಟಾಂಪು ಬಿಡಿಸೋಕೆ ನಾವೇ ನೆನೆಹಾಕ್ತೀವಿ. ಆದರೆ ಅಂಚಿನಿಂದ ಒಂದು ಗುಲಾಬಿ ಎಳೆ ಹೊರಟಿತು. ಅದರ ಹಿಂದೆ ಹಳದಿ. ಗಾಂಧೀಜಿಯ ಕನ್ನಡಕ ನೀಲಿಯಾಗಿ ಮೀಸೆಗಿಳಿಯಿತು. ನಾನು ಚಿಮಟ ಹುಡುಕೋ ಹೊತ್ತಿಗೆ ಹಾಲಿನ ಕೆನೆ ಮೇಲೆ ಓಕುಳಿ ನಡೆದಿತ್ತು. ಸ್ವಿಟ್ಜರ್ಲೆಂಡಿನ ಅಚ್ಚು ಚಹಾಕ್ಕೆ ಬಣ್ಣ ಬಿಡೋದಿಲ್ಲ. ಕಂಪ್ಯೂಟರ್ ಪ್ರಿಂಟರಿನ ಶಾಯಿ ಬಿಡುತ್ತೆ.

ಕಾಕಾ ಬಶಿಯನ್ನು ಒಂದು ನಿಮಿಷ ದಿಟ್ಟಿಸಿ ನೋಡಿದ. ಆಮೇಲೆ, "ಅದಕ್ಕs ನನಗ ಸೀನು ಬಂತು ನೋಡು. ಅಸಲೀ ಇದ್ದರ ಬರತಿರಲಿಲ್ಲ" ಅಂದ. ಇನ್ನೊಂದು ಕಪ್ಪು ಚಹಾ ಕೇಳಿದ.

ಅವನು ಹೋದ ಮೇಲೆ ಉಳಿದ ಚೂರನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ, ಮಸೂರ ಹಿಡಿದೆ. ಸತ್ತ ಕುದುರೆಗೆ ಲಾಳ ಕಟ್ಟಿದ ಹಾಗೆ. ಬಣ್ಣ ಉಳಿದ ಕಡೆ ನೋಡಿದರೆ ಬರೀ ಚುಕ್ಕಿ, ಗುಲಾಬಿ, ನೀಲಿ, ಹಳದಿ, ಕಪ್ಪು. ಹಲ್ಲು ಹದಿಮೂರು. ಮುದ್ರೆ ಮಾತ್ರ ಬೇರೆ ಶಾಯಿಯದು, ಅಳಿಸದೆ ಉಳಿದಿತ್ತು. ಇಂಗ್ಲಿಷಿನಲ್ಲಿ ಚೆಂದಾಗಿ "ಬೆಳಗಾವಿ", ಕೆಳಗೆ 590001, ತಾರೀಖು 1949. ಬೆಳಗಾಂ ಹೋಗಿ ಬೆಳಗಾವಿ ಆದದ್ದು 2014ರ ನವೆಂಬರ್ 1ಕ್ಕೆ. ಪಿನ್ ಕೋಡ್ ಬಂದದ್ದೇ 1972ರಲ್ಲಿ. ಎರಡನ್ನೂ ನಾನು ಫೋಟೋದಲ್ಲೇ ನೋಡಿದ್ದೆ. ನೋಡಿ ಖುಷಿಪಟ್ಟಿದ್ದೆ!

ಆಮೇಲೆ ಸುಮ್ನೆ ಹಳೇ ಆಲ್ಬಂ ತೆಗೆದು ಕೂತೆ. ಅದರಲ್ಲಿ ಖೊಟ್ಟಿ ಯಾವುದೂ ಇಲ್ಲ, ಯಾಕಂದರೆ ಬೆಲೆಯೇ ಇಲ್ಲ. ಬಾಗಲಕೋಟೆಯ ಅತ್ತಿ ಬರೀತಿದ್ದ ಕಾಗದಗಳ ಸ್ಟಾಂಪುಗಳು ಒಂದು ಪುಟದ ತುಂಬ ಇವೆ. ಅತ್ತಿಯ ಮನೆ ಹಳೇ ಊರಲ್ಲಿತ್ತು, ಹೊಳೆ ಕಡೆಯ ಓಣಿ. ಆಲಮಟ್ಟಿಯ ಹಿನ್ನೀರು ಬಂದು ಓಣಿಗೆ ಓಣಿಯೇ ಮುಳುಗಿ, ಅವರು ನವನಗರಕ್ಕೆ ಹೋದರು. ಲಕೋಟೆಯ ಹಿಂದೆ ಆ ಓಣಿಯ ವಿಳಾಸ ಬರೆದಿರುತ್ತಿದ್ದಳು. ನಾನು ಏಳನೇ ಇಯತ್ತೆಯ ಜಾಣ, ಸ್ಟಾಂಪು ಇದ್ದಷ್ಟೇ ಕತ್ತರಿಸಿಕೊಂಡು ಲಕೋಟೆಯನ್ನು ಬಚ್ಚಲ ಒಲೆಗೆ ಹಾಕ್ತಿದ್ದೆ. ಮುದ್ರೆಯನ್ನೂ ಅರ್ಧ ಕತ್ತರಿಸಿದ್ದೀನಿ. ಒಂದರ ಮೇಲೆ ಮಾತ್ರ "ಗಲಕೋಟ" ಅಂತ ಉಳಿದಿದೆ. ಅದನ್ನು ಮೂಸಿದೆ. ನಗಬೇಡಿ. ಅಂಟಿನ ವಾಸನೆ ಬಿಟ್ಟು ಏನೂ ಬರಲಿಲ್ಲ.

ರಾತ್ರಿ ಆ ಆಸಾಮಿಗೆ ಮೆಸೇಜ್ ಹಾಕಿದೆ. ಬೈಗುಳ ಸೇರಿಸಿ ಉದ್ದಕ್ಕೆ ಬರೆದಿದ್ದೆ. ಅದನ್ನು ಓದಿದನೋ ಇಲ್ಲವೋ, ತಿರುಗಿ ಬರೆದ: "ಸರ್, ಅದೇ ಗಾಂಧೀಜಿ, ಮೇಲೆ ಸರ್ವಿಸ್ ಅಂತ ಮುದ್ರೆ ಇರೋದು ಒಂದಿದೆ. ನಿಮಗಾದರೆ 2,500." ಸರ್ವಿಸ್ ಮುದ್ರೆಯ 10 ರೂಪಾಯಿ ಗಾಂಧಿ ಅಚ್ಚಾದದ್ದೇ ನೂರು, ಗವರ್ನರ್ ಜನರಲ್ ಕಚೇರಿಗಂತ. 2017ರಲ್ಲಿ ಅಂಥ ನಾಲ್ಕರ ಸಾಲು 5 ಲಕ್ಷ ಪೌಂಡಿಗೆ ಹೋಗಿತ್ತು. ಇವನ ಹತ್ತಿರ ಒಂದಿದೆಯಂತೆ, ಎರಡೂವರೆ ಸಾವಿರಕ್ಕೆ.

"ಫೋಟೋ ಕಳಿಸ್ರಿ" ಅಂದೆ.