ಬರೀ ನೈಸಾ?

ಅತ್ತಿಗೆ ನನ್ನ ಹತ್ತಿರ ಮಾತು ಬಿಟ್ಟು ಇವತ್ತಿಗೆ 4 ದಿನ. ಮಂಡ್ಯದಿಂದ ಅವರು ಮನೆಯವರ ವಾಟ್ಸಾಪ್ ಗ್ರೂಪಿಗೆ ಕಜ್ಜಾಯದ ಫೋಟೋ ಹಾಕಿದ್ದರು. ನಾನು ಇಲ್ಲಿ ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಾ, ಒಂದೇ ಕೈಯಲ್ಲಿ 'ನೈಸ್.' ಅಂತ ಒತ್ತಿದೆ. ಅಷ್ಟೇ ನನ್ನ ತಪ್ಪು.

ನನಗಿಂತ ಮುಂಚೆ 11 ಜನ ಬಂದು ಹೋಗಿದ್ದರು. ಆವ್ಸಮ್, ಅಮೇಜಿಂಗ್, ಮೈಂಡ್ ಬ್ಲೋಯಿಂಗ್. ಚಿಕ್ಕಮ್ಮನ ಮಗ 'ಲಿಟರಲಿ ಸತ್ತೋದೆ' ಅಂತ ಹಾಕಿದ್ದ. ಸತ್ತವನು ಅರ್ಧ ಗಂಟೆ ಬಿಟ್ಟು ಕ್ರಿಕೆಟ್ ಸ್ಕೋರ್ ಕೇಳಿದ. ನಿಜ ಹೇಳಬೇಕಂದ್ರೆ, ಆ ಫೋಟೋದಲ್ಲಿ ಕಜ್ಜಾಯ ಗೋಡೆಗೆ ತಟ್ಟಿದ ಬೆರಣಿ ಥರ ಕಾಣುತ್ತಿತ್ತು. ಅದಕ್ಕೆ ನೈಸ್ ಅಂದಿದ್ದೇ ನನ್ನ ದೊಡ್ಡತನ.

ರಾತ್ರಿ ಅಣ್ಣನ ಫೋನ್.

"ಏನ್ಲಾ, ನೈಸ್ ಅಂತ ಹಾಕಿದ್ದೀಯ?"

"ಚೆನ್ನಾಗಿದೆ ಅಂತ ತಾನೆ ಅಣ್ಣ?"

"ಬರೀ ನೈಸಾ? ಅದೂ ಫುಲ್ ಸ್ಟಾಪ್ ಇಟ್ಟು? ಬೆಳಿಗ್ಗೆಯಿಂದ ಒಲೆ ಮುಂದೆ ನಿಂತವಳಿಗೆ ಹೆಂಗಾಗಬೇಡ?"

ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ನಾನು ಆಗಷ್ಟೇ ನನ್ನ ಪರವಾಗಿ ಸಾಕ್ಷಿ ಸಿಗಬಹುದೇನೋ ಅಂತ ಇಂಗ್ಲಿಷ್ ಡಿಕ್ಷನರಿ ತೆಗೆದು ಕೂತಿದ್ದೆ. ಓದಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ಅಣ್ಣ, ತಮಾಷೆ ಗೊತ್ತಾ? ಈ ನೈಸ್ ಅನ್ನೋದು ಲ್ಯಾಟಿನ್‌ನಿಂದ ಬಂದದ್ದಂತೆ. ಅಲ್ಲಿ ಅದರ ಮೂಲಕ್ಕೆ ಏನೂ ಗೊತ್ತಿಲ್ಲದವರು ಅಂತ ಅರ್ಥ. ಸುಮಾರು 700 ವರ್ಷದ ಹಿಂದೆ ಇಂಗ್ಲಿಷಿನಲ್ಲಿ ನೈಸ್ ಅಂದ್ರೆ ದಡ್ಡರು ಅಂತಲೇ ಇತ್ತಂತೆ!"

ಆ ಕಡೆ ಸದ್ದಿಲ್ಲ. ಆಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ ಧಡ್ ಅಂತ ಬಿದ್ದ ಶಬ್ದ. ಅಣ್ಣ ಮೆಲ್ಲಗೆ, "ಸ್ಪೀಕರ್ ಆನ್ ಇತ್ತು ಕಣ್ಲಾ" ಅಂದ.

ನನ್ನ ಸಿಟ್ಟೆಲ್ಲ ಈಗ ಆ ಭಾಷೆಯ ಮೇಲೆ. ವೆರಿ ಅನ್ನೋ ಪದ ಇದೆಯಲ್ಲ, ಅದು ಹಳೆಯ ಫ್ರೆಂಚ್‌ನಲ್ಲಿ 'ನಿಜವಾದ' ಅನ್ನುವ ಪದ. ಅದು ಸವೆದು ಹೋಯಿತು, ರಿಯಲಿ ಬಂತು. ಅದೂ ಸವೆಯಿತು, ಈಗ ಲಿಟರಲಿ. ಮೂರು ಸಲ ನಿಜ, ನಿಜ, ನಿಜ ಅಂತ ಆಣೆ ಇಟ್ಟರೂ ಯಾರೂ ನಂಬುತ್ತಿಲ್ಲ ಅಂದ್ರೆ ಏನರ್ಥ? ಟೆರಿಫಿಕ್ ಅಂದ್ರೆ ಮೊದಲು ಹೆದರಿಕೆ ಹುಟ್ಟಿಸುವಂಥದ್ದು. ಈಗ ಅದು ಮಗುವಿನ ಡ್ರಾಯಿಂಗ್‌ಗೂ ಸಿಗುತ್ತದೆ. ಆವ್ಸಮ್ ಮತ್ತು ಆಫುಲ್ ಎರಡಕ್ಕೂ ತಾಯಿಬೇರು ಒಂದೇ, ಭಯಭಕ್ತಿ. ಒಂದು ಉದ್ಧಾರವಾಯಿತು, ಇನ್ನೊಂದು ಕೆಟ್ಟುಹೋಯಿತು. ಅಣ್ಣ ತಮ್ಮಂದಿರ ಹಾಗೆ.

ಹೋದ ಭಾನುವಾರ ಸಂಜೆ ಅರಮನೆ ಮುಂದೆ ನಿಂತಿದ್ದೆ. 7 ಗಂಟೆಗೆ ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹತ್ತಿದವು. ಪಕ್ಕದ ಹುಡುಗಿ "ಆವ್ಸಮ್" ಅಂದಳು. ಒಪ್ಪಿದೆ. ಎರಡು ನಿಮಿಷ ಬಿಟ್ಟು ಚುರುಮುರಿ ಬಾಯಿಗೆ ಹಾಕಿಕೊಂಡು ಅದಕ್ಕೂ "ಆವ್ಸಮ್" ಅಂದಳು. ಅರಮನೆ ಕಟ್ಟಿದವರು ಬೇಜಾರು ಮಾಡಿಕೊಳ್ಳಲ್ವಾ? ಅವಳ ಹಿಂದೆ ನಿಂತಿದ್ದ ಅಜ್ಜಿ "ಅಬ್ಬಾ" ಅಂದು ಸುಮ್ಮನಾದರು.

ನಮ್ಮಪ್ಪನ ಬಾಯಲ್ಲಿ ಮೆಚ್ಚುಗೆಗೆ ಇದ್ದದ್ದು ಒಂದೇ ಮಾತು, 'ಪರವಾಗಿಲ್ಲ.' ಅಮ್ಮನ ಸಾರಿಗೂ ಅದೇ, ಬೆಳೆದ ಭತ್ತಕ್ಕೂ ಅದೇ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಪರವಾಗಿಲ್ಲ ಕಣೋ" ಅಂದಿದ್ದರು. ಆವತ್ತು ಸಂಜೆ ಸೈಕಲ್ ತಗೊಂಡು ಸುಮ್ನೆ ಊರೆಲ್ಲ ಸುತ್ತಿದ್ದೆ. ಈಗ ಅದನ್ನು ಹೇಳುವವರೂ ಇಲ್ಲ. ಗ್ರೂಪಿನಲ್ಲಿ ಹಾಕಿದರೆ ನನ್ನನ್ನೇ ತೆಗೆದು ಹಾಕುತ್ತಾರೆ.

ಇವತ್ತು ಬೆಳಿಗ್ಗೆ ಅಣ್ಣ ರೈಲಿನಲ್ಲಿ ಬರುವ ಪರಿಚಯದವರ ಕೈಲಿ ಒಂದು ಡಬ್ಬಿ ಕಳಿಸಿದ್ದ. ಕಜ್ಜಾಯ. ಅಂಚು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಗಸಗಸೆ. ಫೋಟೋ ತೆಗೆಯಲು ಬಾರದ ಅತ್ತಿಗೆಗೆ ಪಾಕ ಮಾತ್ರ ಗೊತ್ತಿದೆ. ನಿಂತಲ್ಲೇ ಮೂರು ತಿಂದೆ.

ಮೆಸೇಜ್ ಹಾಕಲು ಕೂತೆ. 'ಸೂಪರ್' ಅಂತ ಬರೆದೆ. ಅದನ್ನು ಮೊನ್ನೆ ಯಾರದೋ ಹೊಸ ಮಿಕ್ಸಿಗೆ ಹಾಕಿದ್ದೆ, ಅಳಿಸಿದೆ. 'ಆವ್ಸಮ್' ಬರೆದೆ, ಚುರುಮುರಿ ನೆನಪಾಯಿತು. 'ಪರವಾಗಿಲ್ಲ' ಅಂತ ಬರೆದು, ಬೆವರಿ, ಬೇಗ ಬೇಗ ಅಳಿಸಿದೆ.

ಅಷ್ಟರಲ್ಲಿ ಅಣ್ಣನ ಫೋನ್. "ಏನ್ಲಾ, ಹತ್ತು ನಿಮಿಷದಿಂದ ಟೈಪಿಂಗ್ ಟೈಪಿಂಗ್ ಅಂತಲೇ ತೋರಿಸ್ತಾ ಇದೆ. ನಿಮ್ಮತ್ತಿಗೆ ಕಾಯ್ತಾ ಕೂತವ್ಳೆ. ಹೆಂಗಿತ್ತು ಹೇಳು."

"ಮೊದಲು ಸ್ಪೀಕರ್ ಆಫ್ ಮಾಡಣ್ಣ" ಅಂದೆ.